ಶಿಕಾಗೋಗೆ ಬಂದ ನಮ್ಮ ಹಿರಿಯರು



ಹೋದ ತಿಂಗಳು ನಮ್ಮ ಕೂಟದ ಹಿರಿಯ ಸದಸ್ಯರೊಬ್ಬರು ಮನೆ ಮಾರಿ ಮಗಳ ಊರಿಗೆ ಹೊರಟರು. ಸಾಮಾನು ಕಟ್ಟಲು ನಾವು ಕೆಲವರು ಹೋಗಿದ್ದೆವು. ಬೇಸ್‌ಮೆಂಟಿನಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬ ಸಿಕ್ಕಿತು; ಅದರ ತುಂಬ ನೀಲಿ ಏರೋಗ್ರಾಂ ಕಾಗದಗಳು. "ಇವನ್ನೆಲ್ಲ ಇನ್ನು ಯಾರು ಓದುತ್ತಾರಪ್ಪ, ಎಸೆದುಬಿಡಿ" ಎಂದರು. ನಾನು ಡಬ್ಬ ಎತ್ತಿಕೊಂಡದ್ದೇ ತಡ, ಅವರೇ ಬಂದು ಕೈಯಿಂದ ತೆಗೆದುಕೊಂಡರು. ಈ ಲೇಖನಕ್ಕೆ ಆ ಡಬ್ಬವೇ ಕಾರಣ.

ಅಮೆರಿಕದ ಬಾಗಿಲು ಬಹಳ ಕಾಲ ನಮ್ಮವರಿಗೆ ಮುಚ್ಚಿತ್ತು. 1917ರ ಕಾನೂನು ಏಷ್ಯದ ಬಹುಭಾಗದಿಂದ ವಲಸೆ ಬರುವುದನ್ನು ತಡೆಯಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ, ಭಾರತೀಯರು ಇಲ್ಲಿನ ಪೌರರಾಗಲು ಅರ್ಹರಲ್ಲವೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆತ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲೇ ಇದ್ದವರು! 1946ರಲ್ಲಿ ಬಾಗಿಲು ಕೊಂಚ ಸರಿಯಿತು: ಇಡೀ ಭಾರತಕ್ಕೆ ವರ್ಷಕ್ಕೆ 100 ಮಂದಿ. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಸ್ವಾತಂತ್ರ್ಯದೇವಿಯ ಪ್ರತಿಮೆಯ ಬಳಿ ಹೊಸ ಕಾನೂನಿಗೆ ಸಹಿ ಹಾಕಿದರು. 1968ರ ಜುಲೈನಿಂದ ಅದು ಪೂರ್ತಿಯಾಗಿ ಜಾರಿಗೆ ಬಂದಾಗ ಒಂದೊಂದು ದೇಶದಿಂದ ವರ್ಷಕ್ಕೆ 20,000 ಜನರವರೆಗೆ ಬರಲು ಅವಕಾಶವಾಯಿತು. ಡಾಕ್ಟರು, ಎಂಜಿನಿಯರು ಮೊದಲಾದವರಿಗೆ ಆದ್ಯತೆ. ಮೈಸೂರು, ಮಣಿಪಾಲ, ಹುಬ್ಬಳ್ಳಿ, ಸುರತ್ಕಲ್ ಕಾಲೇಜುಗಳಲ್ಲಿ ಓದಿದವರಿಗೆ ದಾರಿ ತೆರೆದದ್ದು ಹೀಗೆ.

ದಾರಿ ತೆರೆಯಿತು, ಜೇಬು ಮಾತ್ರ ಖಾಲಿ. ವಿದೇಶಿ ವಿನಿಮಯದ ಕೊರತೆಯ ಆ ದಿನಗಳಲ್ಲಿ ಕೈಯಲ್ಲಿ ಎಂಟು ಡಾಲರು ಹಿಡಿದು ಬಂದೆವು ಎಂದು ಆ ಪೀಳಿಗೆಯವರು ಇಂದಿಗೂ ಹೇಳುತ್ತಾರೆ. 1966ರ ಅಪಮೌಲ್ಯದ ನಂತರದ ಲೆಕ್ಕದಲ್ಲಿ ಅದು 60 ರೂಪಾಯಿ. ಉಳಿದ ಬಂಡವಾಳವೆಂದರೆ ಒಂದು ಸೂಟು, ಒಂದು ಡಿಗ್ರಿ, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ.

ನಮ್ಮ ಹಿರಿಯರು ಬಂದದ್ದು 1970ರಲ್ಲಿ. ಆಗ ಶಿಕಾಗೋದಲ್ಲಿ 110 ಅಂತಸ್ತಿನ ಸಿಯರ್ಸ್ ಗೋಪುರದ ಕೆಲಸ ಆರಂಭವಾಗಿತ್ತು. ಅದರ ಕಟ್ಟೋಣದ ಎಂಜಿನಿಯರ್ ಫಜಲುರ್ ಖಾನ್ ಢಾಕಾದವರು. "ನಮ್ಮ ಕಡೆಯವನೊಬ್ಬ ಇದನ್ನು ನಿಲ್ಲಿಸುತ್ತಿದ್ದಾನೆ ಎಂದು ದಿನಾ ತಲೆಯೆತ್ತಿ ನೋಡುತ್ತಿದ್ದೆ" ಎಂದರು. 1973ರಲ್ಲಿ ಗೋಪುರ ತನ್ನ ಪೂರ್ಣ ಎತ್ತರ ಮುಟ್ಟಿತು. ಅದೇ ವರ್ಷ ಊರಿನಿಂದ ತಂತಿ ಬಂತು, ತಂದೆ ತೀರಿಕೊಂಡರೆಂದು. ಟಿಕೆಟ್ಟಿಗೆ ಹಣವಿರಲಿಲ್ಲ. ವಾರದ ಮೇಲೆ ತಂದೆಯ ಕೈಬರಹದ ಕಾಗದ ಬಂತು, ಸಾಯುವ ಮೊದಲು ಅಂಚೆಗೆ ಹಾಕಿದ್ದು. ಮಳೆ ಚೆನ್ನಾಗಿದೆ, ಹಿತ್ತಲ ಹಲಸು ಈ ಸಲ ಜೋರಾಗಿ ಬಿಟ್ಟಿದೆ, ನೀನು ಚಳಿಗೆ ಕಿವಿ ಮುಚ್ಚಿಕೋ, ಇಷ್ಟೇ. ಆ ಕಾಗದ ಡಬ್ಬದಲ್ಲಿ ಎಲ್ಲಕ್ಕಿಂತ ಮೇಲಿತ್ತು.

ಹಾಗೆಂದು ಪರದೇಶವಾಸ ಕಳೆದುಕೊಳ್ಳುವುದಷ್ಟೇ ಅಲ್ಲ. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ 1959ರಲ್ಲಿ ಅಮೆರಿಕಕ್ಕೆ ಬಂದು, 1962ರಲ್ಲಿ ಶಿಕಾಗೋ ವಿಶ್ವವಿದ್ಯಾಲಯ ಸೇರಿದರು. ಹಳೆಯ ತಮಿಳಿನ ವ್ಯಾಕರಣವೊಂದನ್ನು ಹುಡುಕುತ್ತ ಅಲ್ಲಿನ ಗ್ರಂಥಾಲಯದ ನೆಲಮಾಳಿಗೆಗೆ ಇಳಿದವರಿಗೆ ಸಿಕ್ಕಿದ್ದು ಪ್ರಾಚೀನ ತಮಿಳು ಕವಿತೆಗಳ ಸಂಕಲನ 'ಕುರುಂದೊಗೈ'. ಮನೆಮಾತಿನ ಅತಿ ಹಳೆಯ ಕವಿಗಳ ಪರಿಚಯವಾಗಲು ಅವರು ಮಿಷಿಗನ್ ಸರೋವರದ ದಡಕ್ಕೆ ಬರಬೇಕಾಯಿತು! ನಮ್ಮ ವಚನಗಳನ್ನು 1973ರಲ್ಲಿ ಇಂಗ್ಲಿಷಿಗೆ ಕೊಟ್ಟದ್ದೂ, 'ಹೊಕ್ಕುಳಲ್ಲಿ ಹೂವಿಲ್ಲ' (1969) ಎಂಬ ಕನ್ನಡ ಕವನಸಂಕಲನ ತಂದದ್ದೂ ಇಲ್ಲಿದ್ದುಕೊಂಡೇ. 1993ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು.

ಯು.ಆರ್. ಅನಂತಮೂರ್ತಿಯವರದು ಇನ್ನೊಂದು ದಾರಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್.ಡಿ.ಗೆ ಓದುತ್ತಿದ್ದಾಗ ಅವರು 'ಸಂಸ್ಕಾರ' ಬರೆದರು. 1965ರಲ್ಲಿ ಅದು ಅಚ್ಚಾಯಿತು. ಪದವಿ ಪಡೆದು ಊರಿಗೆ ಮರಳಿದರು. ಆ ಕಾದಂಬರಿಯನ್ನು ಇಂಗ್ಲಿಷಿಗೆ ತಂದವರು ರಾಮಾನುಜನ್. ಪುಸ್ತಕ ಬಂದದ್ದು 1976ರಲ್ಲಿ. ಮಲೆನಾಡಿನ ಅಗ್ರಹಾರದ ಕಥೆ ಮರಳಿ ಹೋದವರೊಬ್ಬರಿಂದ, ಉಳಿದುಕೊಂಡವರೊಬ್ಬರಿಂದ ಲೋಕಕ್ಕೆ ತಿಳಿಯಿತು. ಇಬ್ಬರಲ್ಲಿ ಯಾರು ಮಾಡಿದ್ದು ಸರಿ ಎಂದು ಹೇಗೆ ಹೇಳುವುದು?

ನಾವು ಮಾತ್ರ ಪ್ರತಿ ಯುಗಾದಿಗೂ "ಇನ್ನೆರಡು ವರ್ಷ, ಆಮೇಲೆ ಹೊರಟೇಬಿಡುತ್ತೇವೆ" ಎನ್ನುತ್ತ ಬಂದೆವು. ಮೈಸೂರಿನಲ್ಲಿದ್ದಾಗ ಶಿಕಾಗೋ ನುಣ್ಣಗೆ ಕಂಡಿತ್ತು, ಇಲ್ಲಿಂದ ಮೈಸೂರು ನುಣ್ಣಗೆ ಕಾಣುತ್ತದೆ. ದೂರದ ಬೆಟ್ಟದ ಗಾದೆ ನಮ್ಮ ಪಾಲಿಗೆ ಎರಡು ಸಲ ನಿಜವಾಯಿತು. ಭಾರತ ಇಬ್ಬಗೆಯ ಪೌರತ್ವ ಒಪ್ಪುವುದಿಲ್ಲ. ಇಲ್ಲಿ ಪ್ರಮಾಣವಚನ ಮಾಡಿದ ದಿನ ನನ್ನ ಹಳೆಯ ಪೌರತ್ವ ಮುಗಿಯಿತು. ಸಭಾಂಗಣದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮನೆಗೆ ಬಂದು ಹಳೆಯ ಪಾಸ್‌ಪೋರ್ಟನ್ನು ಬೀರುವಿನಲ್ಲಿ ಸೀರೆಯ ಕೆಳಗೆ ಇಟ್ಟೆ. 2005ರ ನಂತರ ಓಸಿಐ ಕಾರ್ಡು ಬಂದು ಓಡಾಟ ಸಲೀಸಾಯಿತು. ಮತದ ಹಕ್ಕು ಬರಲಿಲ್ಲ.

1968ರ ಆಸುಪಾಸಿನಲ್ಲಿ ಬಂದವರು ಈಗ ಎಂಬತ್ತರ ಆಚೀಚೆ ಇದ್ದಾರೆ. ಮನೆಗಳು ಖಾಲಿಯಾಗುತ್ತಿವೆ. ದಯವಿಟ್ಟು ಹಳೆಯ ಕಾಗದಗಳನ್ನು ಎಸೆಯಬೇಡಿ. ಕನ್ನಡ ಓದಲು ಬಾರದ ಮಕ್ಕಳು ಅವನ್ನು ಎಸೆಯುವ ಮೊದಲು ಜೊತೆಯಲ್ಲಿ ಕೂರಿಸಿಕೊಂಡು ಒಂದೆರಡನ್ನಾದರೂ ಓದಿ ಹೇಳಿ. ಮುಂದಿನ ಕೂಟಕ್ಕೆ ತಂದರೆ ಪ್ರತಿ ತೆಗೆದು ಇಡಲು ನಾನು ಸಿದ್ಧ. ನಮ್ಮ ಹಿರಿಯರು ಆ ಡಬ್ಬವನ್ನು ಲಾರಿಗೆ ಹಾಕಲು ಬಿಡಲಿಲ್ಲ, ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಹೊರಟರು.