ಹಲ್ಲಿನ ಗುರುತು, ಕತ್ತರಿಯ ಗುರುತು

ನಾಯಿಯ ಹಲ್ಲು ತಾಗಿದ ಬಟ್ಟೆಗೂ ಮನುಷ್ಯನ ಕತ್ತರಿ ತಾಗಿದ ಬಟ್ಟೆಗೂ ಇರುವ ಭೇದವು ಮೇಲ್ನೋಟಕ್ಕೆ ಅಲ್ಪ ವಿಷಯವೆಂದು ತೋರಬಹುದು. ಆದರೆ ಈ ಭೇದವನ್ನು ನಿರ್ಣಯಿಸುವುದರಲ್ಲಿ ಪಂಡಿತರು ಎಡವಿದ್ದರಿಂದ ಆಸ್ಟ್ರೇಲಿಯಾ ಖಂಡದಲ್ಲಿ ನಿರಪರಾಧಿನಿಯಾದ ತಾಯಿಯೊಬ್ಬಳು ಸುಮಾರು ಮೂರು ವರ್ಷಕಾಲ ಕಾರಾಗೃಹದಲ್ಲಿರಬೇಕಾಯಿತು. ಪ್ರಮಾಣಗಳ ಬಲಾಬಲವನ್ನು ವಿಚಾರಮಾಡುವವರೆಲ್ಲರೂ ಅರಿಯತಕ್ಕ ವೃತ್ತಾಂತವಿದು.

1980ನೆಯ ಇಸವಿ ಆಗಸ್ಟ್ 17ರ ರಾತ್ರಿ. ಆ ಖಂಡದ ನಡುಮರುಭೂಮಿಯಲ್ಲಿರುವ ಉಲೂರು ಎಂಬ ಮಹಾಶಿಲೆಯ ಬಳಿ ಮೈಕೇಲ್ ಚೇಂಬರ್ಲೇನ್ ಎಂಬ ಪಾದ್ರಿಯೂ ಆತನ ಪತ್ನಿ ಲಿಂಡಿಯೂ ಮಕ್ಕಳೊಡನೆ ಡೇರೆ ಹೂಡಿದ್ದರು. ಅವರ ಒಂಬತ್ತು ವಾರದ ಹೆಣ್ಣುಕೂಸು ಅಜಾರಿಯಾ ಡೇರೆಯೊಳಗೆ ನಿದ್ರಿಸುತ್ತಿತ್ತು. ಕೂಸಿನ ಅಳು ಕೇಳಿ ಓಡಿದ ತಾಯಿ, ಡಿಂಗೊ ಎಂಬ ಕಾಡುನಾಯಿ ಡೇರೆಯಿಂದ ಹೊರಬೀಳುವುದನ್ನು ಕಂಡು, ಮಗುವನ್ನು ಅದು ಕೊಂಡೊಯ್ದಿತೆಂದು ಕೂಗಿಕೊಂಡಳು. ಆ ನೆಲದ ಮೂಲನಿವಾಸಿಗಳಾದ ಅನಂಗು ಜನರಲ್ಲಿ ಜಾಡು ಹಿಡಿಯುವುದರಲ್ಲಿ ನಿಪುಣರಾದವರು ಮರಳಿನ ಮೇಲೆ ಡಿಂಗೊವಿನ ಹೆಜ್ಜೆಗಳನ್ನು ಅನುಸರಿಸಿ ನಡೆದರು. ಮಗು ದೊರೆಯಲಿಲ್ಲ. ಒಂದು ವಾರದ ಮೇಲೆ ಸುಮಾರು 4 ಕಿಲೋಮೀಟರ್ ದೂರದಲ್ಲಿ ರಕ್ತಸಿಕ್ತವಾದ ಅದರ ಉಡುಪು ಮಾತ್ರ ದೊರೆಯಿತು. ಮೇಲೆ ತೊಡಿಸಿದ್ದ ಪುಟ್ಟ ಮೇಲಂಗಿ ಕಾಣಲಿಲ್ಲ.

1981ರ ಫೆಬ್ರುವರಿಯಲ್ಲಿ ಕೊರೊನರ್ ಡೆನಿಸ್ ಬ್ಯಾರಿಟ್ ತಾಯಿಯ ಮಾತು ಸತ್ಯವೆಂದು ತೀರ್ಮಾನಿಸಿದನು. ಆದರೂ ಆ ಉಡುಪು ಪಂಡಿತರನ್ನು ಕಾಡುತ್ತಲೇ ಇತ್ತು. ಮೇಕೆಮರಿಯ ಹೆಣಕ್ಕೆ ಅಂಥದೇ ಅಂಗಿ ತೊಡಿಸಿ ಡಿಂಗೊಗಳ ಮುಂದಿಟ್ಟು ಪರೀಕ್ಷಿಸಿದ್ದರು. ಆ ಅಂಗಿಯ ಹರಕಿಗೂ ಕೂಸಿನ ಅಂಗಿಯ ಹರಕಿಗೂ ಹೋಲಿಕೆಯಿರಲಿಲ್ಲ. ದಂತಶಾಸ್ತ್ರಜ್ಞ ಕೆನೆತ್ ಬ್ರೌನ್ ಅದನ್ನು ಲಂಡನ್ನಿಗೆ ಒಯ್ದು ಪ್ರಾಧ್ಯಾಪಕ ಜೇಮ್ಸ್ ಕ್ಯಾಮರನ್‌ಗೆ ತೋರಿಸಿದನು. ಇದು ಕತ್ತರಿಯ ಕೆಲಸ, ಬಟ್ಟೆಯ ಮೇಲೆ ರಕ್ತದ ಕೈಗುರುತಿದೆ ಎಂದು ಕ್ಯಾಮರನ್ ಹೇಳಿದನು. ಟರ್ಕಿ ಬಟ್ಟೆಯಂತೆ ಕುಣಿಕೆನೂಲಿನಿಂದಾದ ಆ ಅಂಗಿಯನ್ನು ಕತ್ತರಿಸಿದರೆ ಮಾತ್ರ ನೂಲಿನ ತುಣುಕುಗಳು ಉದುರುವುವು, ಹಲ್ಲಿನಿಂದ ಉದುರವು ಎಂದು ವಸ್ತ್ರಶಾಸ್ತ್ರದ ಪ್ರಾಧ್ಯಾಪಕ ಮಾಲ್ಕಂ ಚೈಕಿನ್ ಸಾಕ್ಷಿ ನುಡಿದನು. ಕಾರಿನಲ್ಲಿ ಎಳೆಗೂಸಿನ ರಕ್ತವಿದೆಯೆಂಬ ಸಾಕ್ಷ್ಯವೂ ಸೇರಿತು. 1982ರ ಅಕ್ಟೋಬರ್ 29ರಂದು ಡಾರ್ವಿನ್ ನಗರದ ನ್ಯಾಯಸ್ಥಾನದಲ್ಲಿ ಲಿಂಡಿಗೆ ಯಾವಜ್ಜೀವ ಕಾರಾವಾಸ ವಿಧಿಸಲ್ಪಟ್ಟಿತು. ಆಗ ಆಕೆ ತುಂಬು ಗರ್ಭಿಣಿ. 1984ರಲ್ಲಿ ಅತ್ಯುಚ್ಚ ನ್ಯಾಯಾಲಯವೂ ಮೂವರು ನ್ಯಾಯಾಧೀಶರ ವಿರುದ್ಧ ಇಬ್ಬರೆಂಬ ಮತಭೇದದಿಂದ ಆಕೆಯ ಮೇಲ್ಮನವಿಯನ್ನು ತಳ್ಳಿಹಾಕಿತು.

ಡಿಂಗೊವಿನ ಬಾಯಿಯ ರಚನೆಯನ್ನು ಇಲ್ಲಿ ನೆನೆಯಬೇಕು. ಊರನಾಯಿಯಂತೆ ಅದಕ್ಕೂ 42 ಹಲ್ಲುಗಳು. ಮುಂದಿನ ಕೋರೆಗಳಿರುವುದು ಹಿಡಿಯುವುದಕ್ಕೆ, ಚುಚ್ಚುವುದಕ್ಕೆ. ಅವುಗಳ ಹಿಂದೆ, ಎರಡು ಪಕ್ಕದ ದವಡೆಗಳಲ್ಲಿಯೂ, ಮೇಲೊಂದು ಕೆಳಗೊಂದು ಹರಿತವಾದ ದೊಡ್ಡ ಹಲ್ಲುಗಳಿವೆ. ಬಾಯಿ ಮುಚ್ಚಿದಾಗ ಇವು ಒಂದರ ಮಗ್ಗುಲಿಗೊಂದು ಜಾರಿ, ಕತ್ತರಿಯ ಅಲಗುಗಳಂತೆ ಮಾಂಸವನ್ನು ತುಂಡರಿಸುತ್ತವೆ. ಮಾಂಸವನ್ನು ಕತ್ತರಿಸಬಲ್ಲ ಹಲ್ಲು ಬಟ್ಟೆಯನ್ನೂ ಕತ್ತರಿಸಬಲ್ಲುದೆಂಬುದು ಮುಂದೆ ನಡೆದ ಪ್ರಯೋಗಗಳಿಂದ ಸ್ಥಿರಪಟ್ಟಿತು. ಅದೇ ಬಗೆಯ ನೂಲಿನ ತುಣುಕುಗಳೂ ಉದುರಿದುವು.

1986ರ ಫೆಬ್ರುವರಿಯಲ್ಲಿ, ಆ ಶಿಲೆಯಿಂದ ಬಿದ್ದು ಮೃತನಾದ ಪ್ರವಾಸಿಯೊಬ್ಬನ ಅವಶೇಷಗಳನ್ನು ಹುಡುಕುತ್ತಿದ್ದವರಿಗೆ ಆ ಮೇಲಂಗಿ ಅಕಸ್ಮಾತ್ತಾಗಿ ದೊರೆಯಿತು. ಅಂಥ ಅಂಗಿಯೇ ಇರಲಿಲ್ಲವೆಂದು ಪ್ರತಿವಾದಿಸಿದವರು ಮೌನವಹಿಸಬೇಕಾಯಿತು. ಕೆಲವೇ ದಿನಗಳಲ್ಲಿ ಲಿಂಡಿ ಬಿಡುಗಡೆ ಹೊಂದಿದಳು. ಬಳಿಕ ನ್ಯಾಯಮೂರ್ತಿ ಟ್ರೆವರ್ ಮಾರ್ಲಿಂಗನ ವಿಚಾರಣಾಮಂಡಲಿ 1987ರಲ್ಲಿ ತನ್ನ ವರದಿಯನ್ನೊಪ್ಪಿಸಿತು. ಕಾರಿನಲ್ಲಿ ಕಂಡ ತುಂತುರು ರಕ್ತವಲ್ಲ, ಸದ್ದಡಗಿಸುವುದಕ್ಕಾಗಿ ಕಾರ್ಖಾನೆಯಲ್ಲಿ ಎರಚಿದ ಲೇಪ. ಕೈಗುರುತೆಂದು ತೋರಿದುದರಲ್ಲಿ ಬಹುಭಾಗ ಕೆಂಪು ಮರಳು. 1988ರ ಸೆಪ್ಟೆಂಬರ್ 15ರಂದು ದಂಪತಿಗಳ ಅಪರಾಧನಿರ್ಣಯವು ರದ್ದಾಯಿತು.

ದೋಷವಿದ್ದುದೆಲ್ಲಿ? ನಮ್ಮ ತಾರ್ಕಿಕರು ಇದಕ್ಕೆ ಬಹುಕಾಲದ ಹಿಂದೆಯೇ ಹೆಸರಿಟ್ಟಿದ್ದಾರೆ. ನೂಲಿನ ತುಣುಕು ಹೇತು, ಕತ್ತರಿ ಸಾಧ್ಯ. ಕತ್ತರಿಯಿಲ್ಲದೆಡೆಯಲ್ಲಿಯೂ ತುಣುಕು ಉದುರುವುದಾದರೆ ಆ ಹೇತುವು ಸವ್ಯಭಿಚಾರ. ಅದರಿಂದ ಅನುಮಿತಿ ಹುಟ್ಟಲಾರದು. ಕೆಲವು ಪರೀಕ್ಷೆಗಳಲ್ಲಿ ಕಂಡುದನ್ನೇ ವ್ಯಾಪ್ತಿಯೆಂದು ಭ್ರಮಿಸಲಾಯಿತು. ಉಡುಪಿನ ಮೇಲೆ ಡಿಂಗೊವಿನ ಜೊಲ್ಲು ಕಾಣದುದರಿಂದ ಡಿಂಗೊವೇ ಇರಲಿಲ್ಲವೆಂಬ ವಾದವೂ ಇಂಥದೇ. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದಿದ್ದಾಗ ಮಾತ್ರ ಅನುಪಲಬ್ಧಿಯು ಪ್ರಮಾಣವಾಗುವುದು. ಮೇಲೊಂದು ಅಂಗಿಯಿದ್ದು ಅದು ಕಳೆದುಹೋಗಿರುವಾಗ ಕೆಳಗಿನ ಅಂಗಿಯಲ್ಲಿ ಜೊಲ್ಲನ್ನು ಹುಡುಕಿ ನಿರ್ಣಯ ಹೇಳುವುದು ಹೇಗೆ? ಆಪ್ತವಾಕ್ಯದ ವಿಷಯದಲ್ಲಿಯೂ ಪ್ರಮಾದವಾಯಿತು. ದೂರದ ಲಂಡನ್ನಿನ ಪ್ರಾಧ್ಯಾಪಕನ ಮಾತಿಗೆ ದೊರೆತ ಗೌರವವು, ಹುಟ್ಟಿದಂದಿನಿಂದ ಆ ಮರಳನ್ನೂ ಆ ಪ್ರಾಣಿಯನ್ನೂ ಬಲ್ಲ ಅನಂಗು ಜನರ ಮಾತಿಗೆ ದೊರೆಯಲಿಲ್ಲ.

ಮಗುವನ್ನು ಕಳೆದುಕೊಂಡ ತಾಯಿ ಸಭೆಯಲ್ಲಿ ಅಳಲಿಲ್ಲವೆಂಬುದನ್ನೂ ಲೋಕವು ಆಕೆಯ ವಿರುದ್ಧ ಸಾಕ್ಷ್ಯವಾಗಿ ಎಣಿಸಿತು. ಡಿಂಗೊ ಮನುಷ್ಯಶಿಶುವನ್ನು ಒಯ್ಯದೆಂಬ ನಂಬಿಕೆಯೂ ಬೇರೂರಿತ್ತು. 2001ರಲ್ಲಿ ಕ್ವೀನ್ಸ್‌ಲೆಂಡಿನ ದ್ವೀಪವೊಂದರಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬನು ಡಿಂಗೊಗಳಿಗೆ ಬಲಿಯಾದ ಮೇಲೆ ಅದೂ ಸಡಿಲಿತು. ಕೊನೆಗೆ 2012ರ ಜೂನ್ 12ರಂದು ನಾಲ್ಕನೆಯ ವಿಚಾರಣೆಯ ಅಂತ್ಯದಲ್ಲಿ ಕೊರೊನರ್ ಎಲಿಜಬೆತ್ ಮಾರಿಸ್, ಅಜಾರಿಯಾಳ ಮರಣಕ್ಕೆ ಡಿಂಗೊವೇ ಕಾರಣವೆಂದು ಘೋಷಿಸಿ, ತಂದೆತಾಯಿಗಳಿಗೆ ಸಂತಾಪ ಸೂಚಿಸಿದಳು. ತಾಯಿ ಮೊದಲ ರಾತ್ರಿಯೇ ಆಡಿದ್ದ ಮಾತು ಮರಣಪತ್ರದಲ್ಲಿ ಬರೆಯಲ್ಪಡಲು ಮೂವತ್ತೆರಡು ವರ್ಷಗಳು ಹಿಡಿದುವು.