ಯಂತ್ರಾಲಯವೂ ನಗರದ ನೀರೂ

ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಬೆಂಗಳೂರಿಗೆ ಹೊರಡುವವನು ಮನೆಯಲ್ಲಿ ಕುಳಿತೇ ಟಿಕೇಟನ್ನು ಕಾದಿರಿಸಿಕೊಳ್ಳುವನು. ಆ ಲೆಕ್ಕವು ದೂರದ ಯಾವುದೋ ನಗರದಲ್ಲಿ, ಹಗಲಿರುಳೂ ನಡೆಯುವ ಗಣಕಯಂತ್ರಗಳಲ್ಲಿ ದಾಖಲಾಗುವುದು. ಇಂತಹ ಯಂತ್ರಗಳ ಆಲಯಕ್ಕೆ ದತ್ತಾಂಶ ಕೇಂದ್ರವೆಂದು ಹೆಸರು. ಅದಕ್ಕೆ ಎಡೆಬಿಡದ ವಿದ್ಯುತ್ತು ಬೇಕು. ಯಂತ್ರಗಳ ಕಾವನ್ನಿಳಿಸಲು ತಂಪೂ ಬೇಕು. ಈ ತಂಪನ್ನು ಹಲವೆಡೆ ನೀರನ್ನು ಆವಿಯಾಗಿಸಿ ಪಡೆಯುವರು. ನೀರನ್ನುಳಿಸಹೊರಟರೆ ಅನೇಕ ವೇಳೆ ವಿದ್ಯುತ್ತಿನ ವ್ಯಯವು ಏರುವುದು. ಇಂತಹ ಅತಿಥಿಯನ್ನು ನಗರವು ಹೇಗೆ ಬರಮಾಡಿಕೊಳ್ಳತಕ್ಕುದೆಂಬುದಕ್ಕೆ ಬೆಂಗಳೂರಿನ ಪೂರ್ವಚರಿತ್ರೆಯಲ್ಲಿ ಪಾಠವುಂಟು.

1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಸುಮಾರು 92 ಮೈಲು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳು ಬೆಳಗಿದವು. ಉದ್ಯಮಕ್ಕೆಂದು ತಂದುದರಲ್ಲಿ ಊರಿಗೂ ಪಾಲು ದೊರೆಯಿತು.

ನೀರಿನ ಕಥೆಯು ಇಷ್ಟು ಶುಭಕರವಲ್ಲ. ಹಿಂದೆ ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳೇ ಊರನ್ನು ಸಲಹುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅರ್ಕಾವತಿಯ ಹೆಸರಘಟ್ಟದಿಂದಲೂ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ನೀರು ಬಂದಿತು. ಅದೂ ಸಾಲದೆ, 1974ರಿಂದ ಕಾವೇರಿಯನ್ನು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಮೇಲಕ್ಕೆತ್ತಿ ತರುವುದಾಯಿತು. ಇತ್ತ ಧರ್ಮಾಂಬುಧಿಯು ಬಸ್ಸು ನಿಲ್ದಾಣವಾಯಿತು. ಸಂಪಂಗಿ ಕೆರೆಯು ಕ್ರೀಡಾಂಗಣವಾಯಿತು. ಬೇಡಿಕೆ ಬೆಳೆದಂತೆಲ್ಲ ನಗರವು ಮನೆಯ ಕೊಡವನ್ನು ಒಡೆದು ನೆರೆಯವರ ಬಾವಿಗೆ ಹಗ್ಗವಿಳಿಸಿತು. 2024ರ ಬೇಸಗೆಯಲ್ಲಿ ಅನೇಕ ಬಡಾವಣೆಗಳು ಟ್ಯಾಂಕರುಗಳಿಗಾಗಿ ಕಾದು ನಿಂತುವು.

ದತ್ತಾಂಶ ಕೇಂದ್ರಗಳಿಗೆಂದೇ ಕರ್ನಾಟಕ ಸರ್ಕಾರವು 2022ರಲ್ಲಿ ಒಂದು ನೀತಿಯನ್ನು ಪ್ರಕಟಿಸಿತು. ಅದೇ ವರ್ಷ ಸಿಂಗಾಪುರವು, 2019ರಿಂದ ತಡೆದಿದ್ದ ಹೊಸ ಕೇಂದ್ರಗಳಿಗೆ ಮಿತವ್ಯಯದ ನಿಯಮಗಳೊಡನೆ ಮತ್ತೆ ಬಾಗಿಲು ತೆರೆಯಿತು. ಅತಿಥಿಯನ್ನು ಕರೆಯುವ ಮೊದಲೇ ಮನೆಯ ಉಗ್ರಾಣವನ್ನು ನೋಡಿಕೊಳ್ಳುವ ಕ್ರಮವಿದು. ಬೆಂಗಳೂರಿನ ಉಗ್ರಾಣದಲ್ಲಿ ಬಳಸಿದ ನೀರುಂಟು; ಅದನ್ನು ಶುದ್ಧೀಕರಿಸಿ ಯಂತ್ರಗಳ ತಂಪಿಗೆ ಉಪಯೋಗಿಸಿದರೆ ಕುಡಿಯುವ ಕಾವೇರಿಯು ಉಳಿಯುವುದು.

ಆದರೆ ಇದರಲ್ಲಿಯೂ ಒಂದು ಋಣವುಂಟು. ನಗರದ ಶುದ್ಧೀಕರಿಸಿದ ನೀರು 2018ರಿಂದ ಕೋಲಾರದ ಬತ್ತಿದ ಕೆರೆಗಳಿಗೆ ಹರಿಯುತ್ತಲಿದೆ. ಅಲ್ಲಿನ ಗಣಿಗಳು 2001ರಲ್ಲಿ ಮುಚ್ಚಿದುವು. ಒಕ್ಕಲು ಮಾತ್ರ ಉಳಿದಿದೆ. ಯಂತ್ರಾಲಯಕ್ಕೆ ಕೊಡುವ ನೀರು ಆ ಒಕ್ಕಲಿನ ಪಾಲಿನಿಂದ ಕಿತ್ತುದಾಗಬಾರದು. ಶುದ್ಧೀಕರಣವನ್ನು ಹೆಚ್ಚಿಸಿ, ಮೊದಲು ಕೆರೆಗೆ, ಅನಂತರ ಯಂತ್ರಕ್ಕೆ ಹಂಚುವುದೇ ನ್ಯಾಯವು.