ಕಾಂಗರೂ ಚರ್ಮದ ಚಾಟಿ: ಯಾವ ಸವೆತಕ್ಕೆ ದುರಸ್ತಿ, ಯಾವುದಕ್ಕೆ ಇಲ್ಲ

ಆಸ್ಟ್ರೇಲಿಯಾದ ದನಗಾಹಿಗಳು ಬಳಸುವ ಸ್ಟಾಕ್‌ವಿಪ್ ಎಂಬ ಹೆಣೆದ ಚಾಟಿ ಸವೆದಾಗ ಅದನ್ನು ದುರಸ್ತಿ ಮಾಡಿಸುವುದೋ, ಹೊಸದನ್ನು ಕೊಳ್ಳುವುದೋ ಎಂಬ ಪ್ರಶ್ನೆಗೆ ಜನ ಸಾಮಾನ್ಯವಾಗಿ ಬೆಲೆಯ ಲೆಕ್ಕದಲ್ಲಿ ಉತ್ತರ ಹುಡುಕುತ್ತಾರೆ. ಅದು ಸಾಲದು. ಸವೆತ ಯಾವ ಭಾಗದಲ್ಲಿದೆ, ಚರ್ಮದ ನಾರಿನಲ್ಲಿ ಇನ್ನೂ ಕಸುವಿದೆಯೇ ಎಂಬ ಎರಡು ಸಂಗತಿಗಳನ್ನು ಮೊದಲು ನೋಡಬೇಕು. ಬೆಲೆಯ ಮಾತು ಆಮೇಲಿನದು.

ಸ್ಟಾಕ್‌ವಿಪ್‌ನಲ್ಲಿ ಹಿಡಿ ಬೇರೆ, ಬಾರು ಬೇರೆ. ಸುಮಾರು ಒಂದೂವರೆ ಅಡಿ ಉದ್ದದ ಬೆತ್ತದ ಹಿಡಿಯ ತುದಿಯಲ್ಲೂ ಐದಾರು ಅಡಿ ಬಾರಿನ ಬುಡದಲ್ಲೂ ಕೀಪರ್ ಎಂಬ ಚರ್ಮದ ಕುಣಿಕೆಗಳಿರುತ್ತವೆ. ಅವನ್ನು ಒಂದರೊಳಗೊಂದು ಸಿಕ್ಕಿಸಿರುತ್ತಾರೆ. ಬಾರು ಬುಡದಲ್ಲಿ ದಪ್ಪ, ಹೋಗುತ್ತಾ ಹೋಗುತ್ತಾ ಸಪೂರ. ಅದರ ಕೊನೆಗೆ ಹೆಣೆಯದ ಒಂಟಿ ಚರ್ಮದ ಪಟ್ಟಿ, ಅದಕ್ಕೆ ಫಾಲ್ ಎನ್ನುತ್ತಾರೆ. ಫಾಲ್‌ನ ತುದಿಗೆ ಕ್ರ್ಯಾಕರ್ ಎಂಬ ಹುರಿಯ ಕುಚ್ಚು. ಇದಕ್ಕೆ ಹಿಂದೆ ಕುದುರೆಬಾಲದ ಕೂದಲನ್ನೋ ರೇಷ್ಮೆಯನ್ನೋ ಬಳಸುತ್ತಿದ್ದರು, ಈಗ ಹೆಚ್ಚಾಗಿ ನೈಲಾನ್.

ಮೊದಲು ಸವೆಯುವುದು ಕ್ರ್ಯಾಕರ್, ಆಮೇಲೆ ಫಾಲ್, ನಂತರ ಒಂದನ್ನೊಂದು ಉಜ್ಜುವ ಕೀಪರ್‌ಗಳು. ಮೂರನ್ನೂ ಹೆಣಿಗೆಯ ಒಡಲನ್ನು ಬಿಚ್ಚದೆ ಬದಲಿಸಬಹುದು. ಕ್ರ್ಯಾಕರನ್ನು ಬಳಸುವವನೇ ಕಟ್ಟಿಕೊಳ್ಳುತ್ತಾನೆ. ಅಂದರೆ ಚಾಟಿ ಕಟ್ಟುವವನು ಯಾವುದು ಸವೆಯಲಿ, ಯಾವುದು ಉಳಿಯಲಿ ಎಂದು ಮೊದಲೇ ನಿರ್ಧರಿಸಿರುತ್ತಾನೆ. ಫಾಲ್ ಹರಿದ ಚಾಟಿಯನ್ನು ಹಳತಾಯಿತೆಂದು ಎಸೆಯುವುದು ಆ ಕುಶಲತೆಯನ್ನು ಅರಿಯದೆ ಮಾಡುವ ನಷ್ಟ. ಬುಲ್‌ವಿಪ್‌ಗೆ ಈ ಅನುಕೂಲ ಕಡಿಮೆ. 1981ರಲ್ಲಿ ತೆರೆಕಂಡ ಇಂಡಿಯಾನಾ ಜೋನ್ಸ್ ಚಿತ್ರಕ್ಕೆ ಡೇವಿಡ್ ಮೋರ್ಗನ್ ಕಾಂಗರೂ ಚರ್ಮದಲ್ಲಿ ಹೆಣೆದುಕೊಟ್ಟದ್ದು ಈ ಬಗೆಯ ಚಾಟಿ. ಇದರಲ್ಲಿ ಹಿಡಿ ಹೆಣಿಗೆಯ ಒಳಗೇ ಸೇರಿರುವುದರಿಂದ ಹಿಡಿಯ ಬುಡ ಮುರಿದರೆ ಬಾರನ್ನೂ ಬಿಚ್ಚಬೇಕಾಗುತ್ತದೆ.

ಕಷ್ಟದ ಪ್ರಶ್ನೆ ಏಳುವುದು ಬಾರಿನ ನಡುವೆ ಎಳೆ ತುಂಡಾದಾಗ. ಹೆಣಿಗೆ ಬುಡದಿಂದ ಶುರುವಾಗಿ ತುದಿಯಲ್ಲಿ ಮುಗಿಯುವಂಥದ್ದು. ಆದ್ದರಿಂದ ಬಿಚ್ಚುವುದೂ ತುದಿಯಿಂದಲೇ, ತುಂಡಾದ ಜಾಗದವರೆಗೆ. ಹೊಸ ಎಳೆಯನ್ನು ಹಳೆಯದರ ಅಗಲಕ್ಕೇ ಕೊಯ್ದು, ಕೂಡುವ ಎರಡೂ ತುದಿಗಳನ್ನು ಓರೆಯಾಗಿ ಹೆರೆದು ತೆಳುವಾಗಿಸಿ, ಒಂದರ ಮೇಲೊಂದು ಇಟ್ಟು ಕೆಲವು ಸುತ್ತು ಜೊತೆಯಾಗಿ ಹೆಣೆಯುತ್ತಾರೆ. ಎಳೆಗಳು ಜಾರಿ ಬಿಗಿಯಾಗಿ ಕೂರಲೆಂದು ಸಾಬೂನು ಮತ್ತು ಕೊಬ್ಬನ್ನು ನೀರಿನಲ್ಲಿ ಕುದಿಸಿ ಮಾಡಿದ ಲೇಪ ಹಚ್ಚುತ್ತಾರೆ. ಮುಗಿದ ಮೇಲೆ ಎರಡು ಹಲಗೆಗಳ ನಡುವೆ ಬಾರನ್ನು ಹೊರಳಿಸಿ ದುಂಡಗೆ ಮಾಡುತ್ತಾರೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಹಳೆಯ ಎಳೆಗಳು ವರ್ಷಗಟ್ಟಲೆ ಎಳೆತ ತಿಂದು ಹಿಗ್ಗುವಷ್ಟು ಹಿಗ್ಗಿರುತ್ತವೆ, ಹೊಸದು ಹಾಗಲ್ಲ. ಅದನ್ನು ಮೊದಲೇ ಜಗ್ಗಿ ಹಿಗ್ಗಿಸದೆ ಸೇರಿಸಿದರೆ ಬಳಕೆಯಲ್ಲಿ ಅದೊಂದೇ ಸಡಿಲವಾಗಿ ಪಕ್ಕದ ಎಳೆಗಳ ಮೇಲೆ ಭಾರ ಬೀಳುತ್ತದೆ.

ಇಷ್ಟು ತೆಳುವಾದ ಎಳೆ ಈ ಎಳೆತ ತಡೆಯುವುದಕ್ಕೆ ಕಾಂಗರೂ ಚರ್ಮದ ರಚನೆಯೇ ಕಾರಣ. ದನದ ಚರ್ಮದಲ್ಲಿ ನಾರುಗಳು ದಪ್ಪದುದ್ದಕ್ಕೂ ಓರೆಕೋರೆಯಾಗಿ ಹೆಣೆದುಕೊಂಡಿರುತ್ತವೆ. ಸೀಳಿ ತೆಳುಮಾಡಿದಾಗ ಆ ಹೆಣಿಗೆ ಕತ್ತರಿಸಿಹೋಗಿ ಬಲ ಕುಗ್ಗುತ್ತದೆ. ಕಾಂಗರೂ ಚರ್ಮದ ನಾರುಗಳು ಬಹುಪಾಲು ಮೇಲ್ಮೈಗೆ ಸಮಾನಾಂತರವಾಗಿ ಸಾಗುವುದರಿಂದ ತೆಳುವಾಗಿಸಿದರೂ ಗಟ್ಟಿತನ ಉಳಿಯುತ್ತದೆ.

ದುರಸ್ತಿ ಎಷ್ಟು ನಯವಾಗಿರಬೇಕೆಂಬುದನ್ನು ಚಾಟಿಯ ಸದ್ದಿನ ಅಧ್ಯಯನಗಳು ತಿಳಿಸುತ್ತವೆ. ಆ ಸದ್ದು ಚರ್ಮಕ್ಕೆ ಚರ್ಮ ಬಡಿದದ್ದಲ್ಲ, ಚಾಟಿಯ ಚಲನೆ ಶಬ್ದದ ವೇಗವನ್ನು ಮೀರಿದಾಗ ಏಳುವ ಆಘಾತ ತರಂಗ. ಬರ್ನ್‌ಸ್ಟೈನ್, ಹಾಲ್ ಮತ್ತು ಟ್ರೆಂಟ್ 1958ರಲ್ಲಿ ಅತಿವೇಗದ ಛಾಯಾಗ್ರಹಣದ ನೆರವಿನಿಂದ ಇದನ್ನು ಪರಿಶೀಲಿಸಿದರು. 2002ರಲ್ಲಿ ಗೊರಿಯೆಲಿ ಮತ್ತು ಮ್ಯಾಕ್‌ಮಿಲ್ಲನ್ ಗಣಿತದ ಮೂಲಕ ತೋರಿಸಿದ ಪ್ರಕಾರ, ಬಾರಿನುದ್ದಕ್ಕೂ ಓಡುವ ಸುರುಳಿಯೇ ಶಬ್ದದ ವೇಗ ಮುಟ್ಟಿದಾಗ ಸದ್ದು ಹುಟ್ಟುತ್ತದೆ. ಬಾರು ಕ್ರಮವಾಗಿ ಸಪೂರವಾಗುತ್ತಾ ಹೋಗುವುದು ಆ ಸುರುಳಿಯ ವೇಗ ಏರಲು ಮುಖ್ಯ ಕಾರಣ. ನಡುವೆ ಒಂದು ಗಂಟು, ಒಂದು ಗಡುಸು ಜಾಗ ಬಂದರೆ ಓಟ ಅಲ್ಲೇ ತೊಡರುತ್ತದೆ, ಮುಂದೆ ಎಳೆ ಹರಿಯುವುದೂ ಅಲ್ಲಿಂದಲೇ ಶುರುವಾಗುತ್ತದೆ. ಹೀಗಾಗಿ ತುಂಡಾದ ಎಳೆಯನ್ನು ಗಂಟು ಹಾಕಿ ಮುಗಿಸುವುದನ್ನು ನಾನು ದುರಸ್ತಿ ಎಂದು ಒಪ್ಪುವುದಿಲ್ಲ. ಒಂದೇ ಜಾಗದಲ್ಲಿ ಹಲವು ಎಳೆ ಹರಿದಿದ್ದು ಹೆಣಿಗೆಯ ಒಳಗಿನ ತಿರುಳು ಗಟ್ಟಿಯಿದ್ದರೆ ಮೇಲಿನ ಹೆಣಿಗೆಯನ್ನೆಲ್ಲ ಹೊಸದಾಗಿ ಹಾಕಿಸುವುದು ಲೇಸು. ತಿರುಳೂ ಮುರಿದಿದ್ದರೆ ಹೊಸ ಬಾರೇ ಬೇಕು. ಹಳೆಯ ಹಿಡಿ ಚೆನ್ನಾಗಿದ್ದರೆ ಅದಕ್ಕೇ ಕೂಡಿಸಬಹುದು.

ಯಾವ ಕುಶಲಕರ್ಮಿಯೂ ಸರಿಪಡಿಸಲಾಗದ ಹಾನಿ ಚರ್ಮದ ಒಳಗಿನದು. ಮರದ ತೊಗಟೆ, ಕಾಯಿಗಳಿಂದ ಹದಮಾಡಿದ ಚರ್ಮ ಗಂಧಕದ ಹೊಗೆ ಬೆರೆತ ಗಾಳಿಯಲ್ಲಿ ದಶಕಗಟ್ಟಲೆ ಉಳಿದರೆ ಒಳಗೆ ಆಮ್ಲ ಸೇರಿ ನಾರು ಕಡಿದುಹೋಗುತ್ತದೆ. ಸಂರಕ್ಷಣಾಕಾರರು ಇದಕ್ಕೆ ರೆಡ್ ರಾಟ್ ಎನ್ನುತ್ತಾರೆ. ಬೆರಳಿನಿಂದ ಸವರಿದರೆ ಇಟ್ಟಿಗೆ ಬಣ್ಣದ ಪುಡಿ ಅಂಟುತ್ತದೆ. ಒಂದು ಹನಿ ನೀರು ಬಿದ್ದರೂ ಆ ಜಾಗ ಕಪ್ಪಾಗಿ ಒಣಗಿ ಗಡುಸಾಗುತ್ತದೆ. ಎಣ್ಣೆ ಹಚ್ಚಿದರೆ ಮೇಲೆ ಹೊಳಪು ಬಂದೀತು, ಕಡಿದ ನಾರು ಕೂಡುವುದಿಲ್ಲ.

ಹದಕ್ಕೆ ಬಳಸಿದ ವಸ್ತುವೂ ಇಲ್ಲಿ ಮುಖ್ಯ. ಪುಸ್ತಕದ ರಟ್ಟಿನ ಚರ್ಮ ಏಕೆ ಹಾಳಾಗುತ್ತದೆಂದು ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ನೇಮಿಸಿದ್ದ ಸಮಿತಿ 1905ರ ವರದಿಯಲ್ಲಿ ಟ್ಯಾನಿನ್ ಎಂಬ ಹದಮಾಡುವ ಪದಾರ್ಥಗಳ ಎರಡು ವರ್ಗಗಳ ನಡುವಿನ ವ್ಯತ್ಯಾಸವನ್ನು ಎತ್ತಿ ತೋರಿಸಿತು. ಆಸ್ಟ್ರೇಲಿಯಾದ ವ್ಯಾಟಲ್ ಮರದ ತೊಗಟೆ ಬೇಗ ಕೆಡುವ ವರ್ಗಕ್ಕೆ ಸೇರಿದ್ದು. ನಮ್ಮ ತಂಗಡಿ ತೊಗಟೆಯೂ ಅದೇ ವರ್ಗದ್ದು. ಅಳಲೆಕಾಯಿ ಇನ್ನೊಂದು ವರ್ಗದ್ದು, ಆಮ್ಲದ ಹೊಡೆತವನ್ನು ಹೆಚ್ಚು ತಾಳುವಂಥದ್ದು. ದಕ್ಷಿಣ ಭಾರತದಲ್ಲಿ ಚರ್ಮ ಹದಮಾಡುವವರು ಇವೆರಡನ್ನೂ ಬಳಸುತ್ತಿದ್ದರು. ಸ್ಟಾಕ್‌ವಿಪ್‌ಗೆ ಹೋಲಿಸಿದರೆ ನಮ್ಮ ಎತ್ತಿನಗಾಡಿಯ ಬಾರುಕೋಲಿನ ರಚನೆ ಸರಳ. ಕೋಲಿಗೆ ಬಾರು ಕಟ್ಟಿರುತ್ತದೆ, ಸವೆದರೆ ಬಾರನ್ನಷ್ಟೇ ಬದಲಿಸುತ್ತಾರೆ. ಆದರೆ ಅದರ ಚರ್ಮಕ್ಕೂ ಮೇಲೆ ಹೇಳಿದ, ಬೆರಳಿನಿಂದ ಸವರಿ ನೋಡುವ ಪರೀಕ್ಷೆಯೇ ಅನ್ವಯಿಸುತ್ತದೆ.

ಕೆಲಸದ ಚಾಟಿಗೂ ಸಂಗ್ರಹದ ಚಾಟಿಗೂ ನ್ಯಾಯ ಒಂದೇ ಅಲ್ಲ. ಆಸ್ಟ್ರೇಲಿಯಾದ ಲಾಂಗ್‌ರೀಚ್‌ನಲ್ಲಿ 1988ರಲ್ಲಿ ತೆರೆದ ಸ್ಟಾಕ್‌ಮನ್ಸ್ ಹಾಲ್ ಆಫ್ ಫೇಮ್‌ನಂಥ ವಸ್ತುಸಂಗ್ರಹಾಲಯದಲ್ಲಿ ಸವೆದ ಕೀಪರ್ ಕೂಡ ದಾಖಲೆಯೇ. ಚಾಟಿಯನ್ನು ಯಾವ ಕೈಯಲ್ಲಿ ಹೇಗೆ ಬೀಸಿದರೆಂಬುದನ್ನು ಅದರ ಒಂದು ಬದಿಯ ತೇಯ್ತ ಹೇಳುತ್ತದೆ. ಅಂಥ ವಸ್ತುವಿಗೆ ಹೊಸ ಎಳೆ ಹಾಕಬಾರದು. ಪುಡಿ ಉದುರುತ್ತಿದ್ದರೆ ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸನ್ನು ನೀರಿಲ್ಲದ ಆಲ್ಕೋಹಾಲಿನಲ್ಲಿ ಕರಗಿಸಿ ಲೇಪಿಸುವ ಕ್ರಮವಿದೆ. ಅದು ನುರಿತ ಸಂರಕ್ಷಣಾಕಾರರ ಕೆಲಸ.

ಮನೆಯ ಅಟ್ಟದಲ್ಲೋ ಊರಿನ ಸಂಗ್ರಹಾಲಯದಲ್ಲೋ ಹಳೆಯ ಬಾರುಕೋಲು, ಮಿಣಿ, ಚಾಟಿಗಳನ್ನು ಇಟ್ಟುಕೊಂಡಿರುವವರಲ್ಲಿ ಒಂದು ಕೋರಿಕೆ. ಎಣ್ಣೆ ನೀರು ಮುಟ್ಟಿಸುವ ಮೊದಲು ಒಣ ಬಿಳಿ ಬಟ್ಟೆಯಿಂದ ಒಮ್ಮೆ ಸವರಿ ನೋಡಿ. ಕೆಂಪು ಪುಡಿ ಅಂಟಿದರೆ ಅದನ್ನು ಬಳಕೆಗೆ ಇಳಿಸಬೇಡಿ, ಬಗ್ಗಿಸದೆ ಒಣ ಜಾಗದಲ್ಲಿ ಮಲಗಿಸಿಡಿ. ಪುಡಿ ಅಂಟದಿದ್ದರೆ ದುರಸ್ತಿ ಬಲ್ಲವರಿಗೆ ಕೊಡಿ. ಬಿಚ್ಚಿ ತೆಗೆದ ಹಳೆಯ ತುಂಡಿಗೆ ತಾರೀಖು ಬರೆದ ಚೀಟಿ ಕಟ್ಟಿ ಜೊತೆಯಲ್ಲೇ ಇಟ್ಟುಕೊಳ್ಳಿ.